ತಡವಾಗಿ ಬಂದ ರೈಲು

ರೈಲ್ವೆಯಲ್ಲಿ ಮೂವತ್ತೈದು ವರ್ಷ ದುಡಿದವರಿಗೆ ನಿವೃತ್ತಿಯೆಂಬುದು ಕಾಗದದ ಮೇಲಿನ ಮಾತು. ಪಿಂಚಣಿ ತಿಂಗಳು ತಿಂಗಳು ಬರುತ್ತದೆ. ಸಮವಸ್ತ್ರ ಪೆಟ್ಟಿಗೆಯ ತಳ ಸೇರುತ್ತದೆ. ಆದರೆ ನಡುರಾತ್ರಿ ಎಲ್ಲಿಯೋ ಒಂದು ಇಂಜಿನು ಕೂಗಿದರೆ ಕಣ್ಣು ತಾನಾಗಿ ತೆರೆಯುತ್ತದೆ, ಕೈ ದೀಪಕ್ಕಾಗಿ ತಡಕುತ್ತದೆ. ಮಲೆನಾಡಿನ ಮೀಟರ್‌ಗೇಜ್ ನಿಲ್ದಾಣಗಳಲ್ಲಿ ಯೌವನವನ್ನೂ, ಬಯಲುಸೀಮೆಯ ಜಂಕ್ಷನ್ನುಗಳಲ್ಲಿ ನಡುವಯಸ್ಸನ್ನೂ ಕಳೆದು, ಈಗ ಎಪ್ಪತ್ತರ ಗಡಿ ದಾಟಿದ ಒಬ್ಬ ಸ್ಟೇಷನ್ ಮಾಸ್ತರರು ಅಮೆರಿಕೆಯ ಮಿಯಾಮಿ ನಗರದಲ್ಲಿರುವ ಮಗಳ ಮನೆಗೆ ಮಡದಿಯೊಡನೆ ಹೋಗಿದ್ದರು. ಅಲ್ಲಿನ ವೈಭವಗಳನ್ನೆಲ್ಲ ಮಗಳು ಒಂದೊಂದಾಗಿ ತೋರಿಸಿದಳು. ಗಾಜಿನ ಗೋಪುರಗಳನ್ನು ನೋಡಿ "ಹೂಂ" ಎಂದರು. ಬಿಳಿಯ ಮರಳಿನ ಕಡಲ ಕಿನಾರೆಯನ್ನು ನೋಡಿ "ಚೆನ್ನಾಗಿದೆ" ಎಂದರು. ಅಷ್ಟೇ.

"ಅಪ್ಪನಿಗೆ ಇದೊಂದೂ ಹಿಡಿಸಲಿಲ್ಲವಮ್ಮ" ಎಂದು ಮಗಳು ತಾಯಿಯ ಬಳಿ ಗೊಣಗಿದಳು.

"ಅವರಿಗೆ ಹಳಿ ಇರುವ ಊರು ತೋರಿಸು, ಸಾಕು" ಎಂದರು ತಾಯಿ.

ಅಳಿಯ ನಕ್ಕು, "ಹಾಗಾದರೆ ಮಾವನವರನ್ನು ಇಸ್ಲಮೊರಾಡಕ್ಕೆ ಕರೆದುಕೊಂಡು ಹೋಗೋಣ. ಅಲ್ಲಿ ಹಳಿ ಇಲ್ಲ, ಆದರೆ ಹಳಿಯ ಕಥೆ ಇದೆ" ಎಂದ.

ಫ್ಲಾರಿಡ ಪ್ರಾಂತದ ತೆಂಕಣ ತುದಿಯಿಂದ ಕಡಲೊಳಗೆ, ಹರಿದ ಮುತ್ತಿನ ಸರದಂತೆ, ಸಣ್ಣ ಸಣ್ಣ ದ್ವೀಪಗಳ ಸಾಲೊಂದು ನೈರುತ್ಯಕ್ಕೆ ಬಾಗಿ ಹರಡಿದೆ. ಅವನ್ನು ಕೀಗಳೆಂದು ಕರೆಯುತ್ತಾರೆ. ಕಿರುದ್ವೀಪವೆಂಬ ಅರ್ಥದ ಸ್ಪಾನಿಷ್ ಮಾತಿನಿಂದ ಬಂದ ಹೆಸರು. ಸರದ ಕೊನೆಯ ಮಣಿ ಕೀ ವೆಸ್ಟ್. ನಡುದಾರಿಗಿಂತ ತುಸು ಮೊದಲೇ ಸಿಗುವ ಊರು ಇಸ್ಲಮೊರಾಡ. ನೇರಿಳೆ ಬಣ್ಣದ ದ್ವೀಪವೆಂದು ಅದರ ಹೆಸರಿಗೆ ಅರ್ಥ ಹೇಳುತ್ತಾರೆ. ಕೀ ವೆಸ್ಟಿನಿಂದ ಎಣಿಸಿದರೆ 82ನೆಯ ಮೈಲಿಗಲ್ಲಿನ ಸುತ್ತ ಊರಿನ ನಡುಭಾಗ. ಒಂದು ಕಡೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಕಡೆ ಫ್ಲಾರಿಡ ಕೊಲ್ಲಿ. ನಡುವೆ ಒಂದೇ ಹೆದ್ದಾರಿ. ಅದರ ಎರಡು ಬದಿಗೂ ವಸತಿಗೃಹಗಳು, ದೋಣಿಗಟ್ಟೆಗಳು, ಗಾಳದ ಸಾಮಗ್ರಿಗಳ ಅಂಗಡಿಗಳು. ಗಾಳ ಹಾಕುವ ಕ್ರೀಡೆಗೆ ಜಗತ್ತಿನ ರಾಜಧಾನಿ ತಾನೆಂದು ಈ ಊರು ಹೇಳಿಕೊಳ್ಳುತ್ತದೆ. ಬೇಸ್‌ಬಾಲ್ ಆಟದ ಮಹಾವೀರ ಟೆಡ್ ವಿಲಿಯಮ್ಸ್ ಇಲ್ಲಿ ಮನೆ ಮಾಡಿಕೊಂಡಿದ್ದ. ಅಧ್ಯಕ್ಷ ಪದವಿಗೇರಿದ ಹಿರಿಯ ಬುಷ್ ಇಲ್ಲಿಗೆ ಗಾಳ ಹಿಡಿದು ಬರುತ್ತಿದ್ದರು. ನೀರಿನೊಳಗಿನ ಮೀನಿಗೆ ಮಾತ್ರ ಯಾರ ಗಾಳವಾದರೂ ಒಂದೇ.

ಬೆಳಗ್ಗೆ ಮೋಟಾರು ಹೋಮ್‌ಸ್ಟೆಡ್ ದಾಟಿ ಜೌಗುನೆಲದ ನಡುವಿನ ನೇರ ರಸ್ತೆಗೆ ಬಿದ್ದಾಗ ಮಾಸ್ತರರು ಬೆನ್ನು ನೆಟ್ಟಗೆ ಮಾಡಿ ಕುಳಿತರು.

"ಈ ರಸ್ತೆ ಹಾಕಿದವನು ರಸ್ತೆಯವನಲ್ಲ" ಎಂದರು. "ಏರಿಳಿತ ನೋಡಿದೆಯಾ? ಇಲ್ಲವೇ ಇಲ್ಲ. ತಿರುವು ನೋಡು, ಎಷ್ಟು ನಿಧಾನವಾಗಿ ಬಾಗುತ್ತದೆ. ಇದು ರೈಲಿನ ದಾರಿ."

ಅವರ ಊಹೆ ಸರಿಯಾಗಿತ್ತು. ಹೆದ್ದಾರಿಯ ಬಹುಭಾಗ ಹಳೆಯ ರೈಲುದಾರಿಯ ಮೇಲೆಯೇ ಸಾಗುತ್ತದೆ. ಆ ದಾರಿಯನ್ನು ಹಾಕಿಸಿದವನು ಹೆನ್ರಿ ಫ್ಲ್ಯಾಗ್ಲರ್. ರಾಕ್‌ಫೆಲ್ಲರನೊಡನೆ ಸೇರಿ ಎಣ್ಣೆಯ ವ್ಯಾಪಾರದಲ್ಲಿ ಕುಬೇರನಾದವನು. ಮುಪ್ಪಿನಲ್ಲಿ ಫ್ಲಾರಿಡದ ಪೂರ್ವತೀರದುದ್ದಕ್ಕೂ ರೈಲು ಹಾಕಿ, ಹೋಟೆಲುಗಳನ್ನು ಕಟ್ಟಿ, ಊರುಗಳನ್ನು ಬೆಳೆಸಿದವನು. ಪನಾಮಾ ಕಾಲುವೆಯ ಕೆಲಸವನ್ನು ಅಮೆರಿಕೆ ಕೈಗೆತ್ತಿಕೊಂಡಾಗ, ಕಾಲುವೆಗೆ ಸಮೀಪದ ಆಳವಾದ ಬಂದರು ಕೀ ವೆಸ್ಟ್ ತಾನೆ ಎಂದು ಲೆಕ್ಕ ಹಾಕಿ, 1905ರಲ್ಲಿ ಕಡಲ ಮೇಲೆಯೇ ರೈಲನ್ನು ಒಯ್ಯಲು ಹೊರಟ. ಜನ ಅದನ್ನು ಮುದುಕನ ಮರುಳೆಂದು ಆಡಿಕೊಂಡರು. 1906ರ ಬಿರುಗಾಳಿಯಲ್ಲಿ ನೂರಕ್ಕೂ ಹೆಚ್ಚು ಕೆಲಸಗಾರರು ಸತ್ತರು. ಕುಡಿಯುವ ನೀರಿನ ಒಂದು ಹನಿಯೂ ದ್ವೀಪಗಳಲ್ಲಿ ಸಿಗದಿದ್ದುದರಿಂದ ಎಲ್ಲವನ್ನೂ ಹೊರಗಿನಿಂದ ತರಬೇಕಾಯಿತು. ಅಂತೂ 1912ರ ಜನವರಿ 22ರಂದು ಮೊದಲ ರೈಲು ಕೀ ವೆಸ್ಟ್ ಮುಟ್ಟಿತು. 82 ವಯಸ್ಸಿನ ಫ್ಲ್ಯಾಗ್ಲರ್ ಅದರಲ್ಲಿ ಕುಳಿತು ಬಂದ. ಮುಂದಿನ ವರ್ಷವೇ ತೀರಿಕೊಂಡ.

ಊರಿನ ಹೆಬ್ಬಾಗಿಲಿನಂತಿರುವ ವಿಂಡ್ಲಿ ಕೀಯಲ್ಲಿ ಒಂದು ಹಳೆಯ ಕಲ್ಲುಗಣಿಯಿದೆ. ರೈಲುದಾರಿಗೆಂದು ಇಲ್ಲಿ ಕಲ್ಲು ಒಡೆಯುತ್ತಿದ್ದರು. ಈಗ ಅದು ಸರ್ಕಾರದ ಉದ್ಯಾನ. ಗರಗಸದಿಂದ ಕೊಯ್ದ ಗೋಡೆಗಳಲ್ಲಿ ಲಕ್ಷ ವರ್ಷಗಳಿಗೂ ಹಿಂದಿನ ಹವಳದ ರಚನೆಗಳು ನುಣುಪಾದ ಚಿತ್ತಾರದಂತೆ ಕಾಣುತ್ತವೆ. ಒಂದು ಕಾಲಕ್ಕೆ ಇದೆಲ್ಲವೂ ನೀರಿನಡಿಯಲ್ಲಿತ್ತು. ಮಾಸ್ತರರ ಮಡದಿ ಗೋಡೆಯನ್ನು ಮುಟ್ಟಿ ನೋಡಿ, "ಸೇವಂತಿಗೆ ಹೂವಿನ ಹಾಗಿದೆ" ಎಂದರು. ಮಾಸ್ತರರಾದರೋ, ಕಲ್ಲನ್ನು ಎತ್ತಿ ಸಾಗಿಸುತ್ತಿದ್ದ ಯಂತ್ರಗಳು ಎಲ್ಲಿ ನಿಂತಿದ್ದಿರಬಹುದು, ಗಣಿಯಿಂದ ಮುಖ್ಯ ಹಳಿಗೆ ಎಷ್ಟು ದೂರವಿದ್ದಿರಬಹುದು ಎಂದು ಹೆಜ್ಜೆಯಿಂದ ಅಳೆಯುತ್ತಿದ್ದರು. ಆ ಗಣಿ ಸಂಜೆಗೆ ಮತ್ತೆ ತಮ್ಮ ಮನಸ್ಸಿಗೆ ಬಂದೀತೆಂದು ಅವರಿಗೆ ಆಗ ತಿಳಿದಿರಲಿಲ್ಲ.

ಹತ್ತು ವರ್ಷದ ಮೊಮ್ಮಗನಿಗೆ ಬೇಕಾದದ್ದು ಮೀನು. ಲೋವರ್ ಮಟೆಕುಂಬೆಯ ಒಂದು ದೋಣಿಗಟ್ಟೆಯಲ್ಲಿ ಟಾರ್ಪನ್ ಎಂಬ ಮೀನುಗಳಿಗೆ ತಿನಿಸು ಕೊಡುವ ವಿನೋದವಿದೆ. ಆಳುದ್ದದ ಮೀನು, ಮೈಮೇಲೆ ಬೆಳ್ಳಿಯ ತಗಡು ಹೊದಿಸಿದಂಥ ದೊಡ್ಡ ದೊಡ್ಡ ಹುರುಪೆಗಳು, ಮೇಲ್ಮುಖವಾಗಿ ತೆರೆಯುವ ಬಾಯಿ. ಹಲಗೆಯ ಕಟ್ಟೆಯ ಮೇಲೆ ಬೋರಲಾಗಿ ಮಲಗಿ, ಒಂದು ಸಣ್ಣ ಮೀನನ್ನು ಬೆರಳ ತುದಿಯಲ್ಲಿ ಇಳಿಬಿಟ್ಟರೆ, ನೀರು ಸಿಡಿದು ಆ ಬೆಳ್ಳಿಯ ಬಾಯಿ ಮೇಲೆದ್ದು ಬರುತ್ತದೆ. ಹುಡುಗ ಕಿರುಚಿ ನಕ್ಕ. ಕಟ್ಟೆಯ ಮೇಲಿದ್ದ ಹೆಜ್ಜಾರ್ಲೆಯೊಂದು ಸಂದು ನೋಡಿ ಬಕೆಟ್ಟಿಗೇ ಕೊಕ್ಕು ಹಾಕಿತು.

"ಅಜ್ಜೀ, ನೀನೂ ಒಂದು ಹಾಕು!"

"ಶಿವಶಿವಾ! ನಾನು ಅದನ್ನು ಮುಟ್ಟುವುದೇ? ಮೀನಿಗೆ ಅನ್ನ ಹಾಕುವುದಾದರೆ ಶೃಂಗೇರಿಗೆ ಬಾ, ತುಂಗೆಯ ಮೆಟ್ಟಿಲ ಮೇಲೆ ಕುಳಿತು ಪುರಿ ಹಾಕೋಣ" ಎಂದು ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದರು.

ಈ ಟಾರ್ಪನ್ನನ್ನು ಯಾರೂ ತಿನ್ನುವುದಿಲ್ಲ. ಮೂಳೆ ಹೆಚ್ಚು. ಗಾಳಕ್ಕೆ ಸಿಕ್ಕರೆ ಆನೆಯಂತೆ ಸೆಣಸುತ್ತದೆ, ಆಳೆತ್ತರ ನೀರಿನಿಂದ ನೆಗೆಯುತ್ತದೆ; ದಣಿದ ಮೇಲೆ ಹಿಡಿದವರು ಗಾಳ ಬಿಡಿಸಿ ಮತ್ತೆ ಕಡಲಿಗೇ ಬಿಡುತ್ತಾರೆ. ಬಿಡಬೇಕೆಂಬುದೇ ಅಲ್ಲಿನ ಕಾನೂನು. ಆಳವಿಲ್ಲದ ನೀರಿನಲ್ಲಿ ನೆರಳಿನಂತೆ ಸುಳಿಯುವ ಬೋನ್‌ಫಿಷ್ ಎಂಬ ಮೀನಿಗೂ ಇದೇ ನಿಯಮ. ಹಿಡಿಯುವುದು, ಬಿಡುವುದು, ಅದಕ್ಕಾಗಿ ದೋಣಿ, ದೋಣಿಗೊಬ್ಬ ಮಾರ್ಗದರ್ಶಿ, ದಿನವಿಡೀ ಬಿಸಿಲು. ಉಣ್ಣದ ಮೀನಿಗಾಗಿ ಒಂದು ಊರಿಗೆ ಊರೇ ಬದುಕುತ್ತದೆಂದರೆ ನಮ್ಮ ಕಡಲತೀರದ ಮೊಗವೀರನಿಗೆ ನಗು ಬಂದೀತು.

ಆದರೆ ಈ ವಿಲಾಸವನ್ನು ಇಲ್ಲಿಗೆ ತಂದದ್ದೂ ರೈಲೇ. ಮುಂದಿನ ಲಾಂಗ್ ಕೀಯಲ್ಲಿ ರೈಲ್ವೆಯವರೇ ಗಾಳದ ಶಿಬಿರವೊಂದನ್ನು ನಡೆಸುತ್ತಿದ್ದರು. ಪಶ್ಚಿಮದ ಸಾಹಸಕಥೆಗಳಿಂದ ಮನೆಮಾತಾದ ಕಾದಂಬರಿಕಾರ ಜೇನ್ ಗ್ರೇ ಚಳಿಗಾಲಗಳಲ್ಲಿ ಅಲ್ಲಿಗೆ ಬಂದು ನೆಲೆಸುತ್ತಿದ್ದ. ಅಲ್ಲಿಂದ ಆಚೆಗೆ ಸಮುದ್ರದ ಮೇಲೆ ಎರಡು ಮೈಲಿಗೂ ಮಿಕ್ಕ ಸೇತುವೆ. ಸುಮಾರು 180 ಕಾಂಕ್ರೀಟು ಕಮಾನುಗಳು ಒಂದರ ಹಿಂದೊಂದು ನೀರಿನಲ್ಲಿ ಕಾಲಿಟ್ಟು ನಡೆದಂತೆ ಕಾಣುತ್ತವೆ. ಹೊಸ ಸೇತುವೆ ಪಕ್ಕದಲ್ಲಿ ಎದ್ದ ಮೇಲೆ ಹಳೆಯದು ನಡೆಯುವವರ, ಗಾಳ ಹಾಕುವವರ ಪಾಲಿಗೆ ಬಂದಿದೆ. ಮಾಸ್ತರರು ಅದರ ಮೇಲೆ ಬಹಳ ದೂರ ಒಬ್ಬರೇ ನಡೆದುಹೋದರು. ನೂರು ವರ್ಷಕ್ಕೂ ಹಿಂದಿನ ಕಟ್ಟಡ. ರೈಲಿನ ಭಾರಕ್ಕೆಂದು ಕಟ್ಟಿದ ಕಮಾನು ಈಗ ಹೊರುತ್ತಿರುವುದು ನಾಲ್ಕು ಗಾಳದ ಕೋಲುಗಳನ್ನು.

"ಕೆಲಸ ಗಟ್ಟಿಯಾಗಿದೆ" ಎಂದರು ಹಿಂದಿರುಗಿ ಬಂದು. "ಮತ್ತೆ ಏಕೆ ನಿಂತಿತು ಈ ರೈಲು?"

ಅಳಿಯ ಉತ್ತರ ಹೇಳಲಿಲ್ಲ. ಮೋಟಾರನ್ನು ಹಿಂದಕ್ಕೆ ತಿರುಗಿಸಿ, 82ನೆಯ ಮೈಲಿಗಲ್ಲಿಗೆ ಸಮೀಪದಲ್ಲಿ ರಸ್ತೆಯ ಅಂಚಿಗೆ ನಿಲ್ಲಿಸಿದ.

ಅಲ್ಲಿರುವುದು ದೊಡ್ಡ ಸ್ಮಾರಕವೇನೂ ಅಲ್ಲ. ಆ ದ್ವೀಪಗಳದೇ ಹವಳದ ಕಲ್ಲಿನಲ್ಲಿ ಕಟ್ಟಿದ ಕಟ್ಟೆ. ಅದರ ಮೇಲೆ ಒಂದು ನಿಲುಗಲ್ಲು. ಕಲ್ಲಿನಲ್ಲಿ ಗಾಳಿಗೆ ಬಾಗಿದ ತೆಂಗಿನ ಮರಗಳು, ಮೇಲೆದ್ದ ಅಲೆಗಳು. ಮುಂದೆ, ಬಣ್ಣದ ಹೆಂಚುಗಳಲ್ಲಿ ದ್ವೀಪಸಾಲಿನ ಭೂಪಟ. ಆ ಭೂಪಟದ ಕೆಳಗೆ ಸುಮಾರು 300 ಮಂದಿಯ ಚಿತಾಭಸ್ಮವಿದೆ. 1937ರಲ್ಲಿ ಅದನ್ನು ಅನಾವರಣ ಮಾಡಿದರು.

1935ರ ಸೆಪ್ಟೆಂಬರ್ 2, ಸೋಮವಾರ. ಅಮೆರಿಕೆಯಲ್ಲಿ ಕಾರ್ಮಿಕರ ದಿನವೆಂದು ರಜೆ. ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿ, ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡ ನೂರಾರು ಮಾಜಿ ಸೈನಿಕರನ್ನು ಸರ್ಕಾರ ರಸ್ತೆ-ಸೇತುವೆಗಳ ಕೆಲಸಕ್ಕೆಂದು ಇಲ್ಲಿಗೆ ಕಳುಹಿಸಿತ್ತು. ಡೇರೆಗಳಲ್ಲಿ, ಹಲಗೆಯ ಗುಡಿಸಲುಗಳಲ್ಲಿ, ನೀರಿನ ಅಂಚಿನಲ್ಲಿ ಅವರ ವಾಸ. ಬಿರುಗಾಳಿ ತೆಂಕಲಾಗಿ ಹಾದುಹೋದೀತೆಂದು ಹವಾಮಾನ ಕಚೇರಿ ಎಣಿಸಿತ್ತು. ಅದು ಹಾಗೆ ಹೋಗಲಿಲ್ಲ. ಶಿಬಿರದವರನ್ನು ಕರೆತರಲು ರೈಲು ಕಳುಹಿಸಿರೆಂದು ಮಧ್ಯಾಹ್ನ ಕರೆ ಹೋಯಿತು. ರಜೆಯ ದಿನ, ಸಿಬ್ಬಂದಿಯನ್ನು ಕೂಡಿಸಬೇಕು. ಮಿಯಾಮಿಯಿಂದ ರೈಲು ಹೊರಟಾಗ 4 ಗಂಟೆ 25 ನಿಮಿಷ. ನದಿಯ ಎತ್ತುಸೇತುವೆ ವಿಹಾರದೋಣಿಗಳಿಗಾಗಿ ತೆರೆದಿತ್ತು. ಅಲ್ಲಿ ಕೆಲವು ನಿಮಿಷ ಹೋಯಿತು. ಹಿಂದಿರುಗುವಾಗ ಇಂಜಿನಿನ ದೀಪ ಮುಂದಿರಲೆಂದು ಹೋಮ್‌ಸ್ಟೆಡ್‌ನಲ್ಲಿ ಇಂಜಿನನ್ನು ತಿರುಗಿಸಿದರು, ಅಲ್ಲಿ ಇನ್ನಷ್ಟು. ಆಮೇಲೆ ಕತ್ತಲಿನಲ್ಲಿ, ಕಲ್ಲುಗಣಿಯ ಬಳಿ, ಜೋತುಬಿದ್ದಿದ್ದ ಉಕ್ಕಿನ ಹಗ್ಗವೊಂದು ಇಂಜಿನಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸುವುದರಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ. ಇಸ್ಲಮೊರಾಡ ತಲಪಿದಾಗ ರಾತ್ರಿ 8 ಗಂಟೆ 20 ನಿಮಿಷ ಸುಮಾರು. ಗಾಳಿಯಲ್ಲಿ ಜನ ತಡವರಿಸುತ್ತ ಡಬ್ಬಿಗಳಿಗೆ ಹತ್ತುತ್ತಿದ್ದಂತೆಯೇ ಕಡಲು ಮೇಲೆದ್ದು ಬಂದಿತು. ಹದಿನೇಳು ಹದಿನೆಂಟು ಅಡಿ ನೀರು. ಹನ್ನೊಂದು ಡಬ್ಬಿಗಳೂ ಹಳಿಯಿಂದ ಹೊರಳಿದುವು. 447ನೆಯ ಸಂಖ್ಯೆಯ ಇಂಜಿನು ಮಾತ್ರ ಹಳಿಯ ಮೇಲೆ ನಿಂತಿತು. ಅಮೆರಿಕೆಯ ನೆಲವನ್ನು ಮುಟ್ಟಿದ ಬಿರುಗಾಳಿಗಳಲ್ಲಿ ಅಷ್ಟು ಪ್ರಬಲವಾದದ್ದು ಇನ್ನೊಂದು ದಾಖಲಾಗಿಲ್ಲ. ಅಂದು ಇಲ್ಲಿ ಅಳೆದ ವಾಯುಭಾರ 892 ಮಿಲಿಬಾರ್. ಸತ್ತವರು 400ಕ್ಕೂ ಹೆಚ್ಚು. ಅವರಲ್ಲಿ ಅರ್ಧಕ್ಕೂ ಮಿಕ್ಕವರು ಆ ಮಾಜಿ ಸೈನಿಕರು. ಉಳಿದವರು ದ್ವೀಪದ ಮನೆತನಗಳವರು, ಹೆಂಗಸರು, ಮಕ್ಕಳು.

ರೈಲ್ವೆ ಆಗಲೇ ಸಾಲದಲ್ಲಿತ್ತು. ಕೊಚ್ಚಿಹೋದ ಹಳಿಯನ್ನು ಮತ್ತೆ ಹಾಕಲಿಲ್ಲ. 6,40,000 ಡಾಲರಿಗೆ ದಾರಿಯೂ ಸೇತುವೆಗಳೂ ಪ್ರಾಂತ ಸರ್ಕಾರದ ಪಾಲಾಗಿ, 1938ರಲ್ಲಿ ಅದೇ ಜಾಡಿನ ಮೇಲೆ ಹೆದ್ದಾರಿ ತೆರೆಯಿತು. ಕಿತ್ತ ಹಳಿಗಳನ್ನು ಸೇತುವೆಯ ಅಂಚಿನ ತಡೆಗಂಬಿಗಳಾಗಿ ಬಳಸಿದರು.

ಅಳಿಯ ಇದನ್ನೆಲ್ಲ ಹೇಳಿ ಮುಗಿಸುವವರೆಗೂ ಮಾಸ್ತರರು ಭೂಪಟದ ಹೆಂಚುಗಳನ್ನೇ ನೋಡುತ್ತಿದ್ದರು.

"ಧನುಷ್ಕೋಡಿಯಲ್ಲೂ ಹೀಗೆಯೇ ಆಯಿತು" ಎಂದರು ಕೊನೆಗೆ. "1964ರ ಡಿಸೆಂಬರ್. ಪ್ಯಾಸೆಂಜರ್ ರೈಲಿಗೆ ರೈಲೇ ಕಡಲಿಗೆ ಹೋಯಿತು. ನೂರಕ್ಕೂ ಹೆಚ್ಚು ಜನ. ನಾನು ನೌಕರಿಗೆ ಸೇರಿದಾಗ ಹಿರಿಯರು ಆ ಕಥೆ ಹೇಳದ ಮಳೆಗಾಲವಿರಲಿಲ್ಲ." ಸ್ವಲ್ಪ ಸುಮ್ಮನಿದ್ದು ಕೇಳಿದರು: "ತಡ ಮಾಡಿದವರು ಯಾರೆಂದು ವಿಚಾರಣೆ ಆಯಿತೇ?"

"ಆಯಿತು ಮಾವ. ದೈವದ ಕೃತ್ಯವೆಂದು ಕೆಲವೇ ದಿನಗಳಲ್ಲಿ ವರದಿ ಕೊಟ್ಟರು. ಕೀ ವೆಸ್ಟಿನಲ್ಲಿದ್ದ ಹೆಮಿಂಗ್ವೇ ದೋಣಿಯಲ್ಲಿ ಬಂದು ಹೆಣಗಳನ್ನು ಕಣ್ಣಾರೆ ಕಂಡಿದ್ದ. ಅವನು ಒಪ್ಪಲಿಲ್ಲ, ಇವರನ್ನು ಇಲ್ಲಿಗೆ ಕಳುಹಿಸಿ ಬಿಟ್ಟುಬಿಟ್ಟವರು ಯಾರೆಂದು ಕೇಳಿ ಪತ್ರಿಕೆಗೆ ಕಿಡಿಯಂಥ ಲೇಖನ ಬರೆದ."

"ದೈವದ ಕೃತ್ಯ!" ಎಂದರು ಮಾಸ್ತರರು. ಧ್ವನಿ ಎತ್ತರಿಸಿದವರಲ್ಲ, ಆದರೆ ಮಗಳು ಬೆಚ್ಚಿ ನೋಡಿದಳು. "ಗಾಳಿ ದೈವದ್ದು. ಸೋಮವಾರ ಬೆಳಗ್ಗೆ ರೈಲು ಬಿಡದೆ ಮಧ್ಯಾಹ್ನದವರೆಗೆ ಕಾದದ್ದು ದೈವವೇ?"

ತೆಂಗಿನ ನೆರಳು ಕಟ್ಟೆಯ ಮೇಲೆ ಆಡುತ್ತಿತ್ತು. ಹೆದ್ದಾರಿಯಲ್ಲಿ ದೋಣಿಗಳನ್ನು ಕಟ್ಟಿಕೊಂಡ ಮೋಟಾರುಗಳು ಸಾಗುತ್ತಿದ್ದುವು. ಮಾಸ್ತರರು ಕಟ್ಟೆಯ ಅಂಚಿನಲ್ಲಿ ಕುಳಿತು, ನಲವತ್ತು ವರ್ಷ ಯಾರಿಗೂ ಹೇಳದ ಒಂದು ಮಾತನ್ನು ಹೇಳಿದರು.

ಮಲೆನಾಡಿನ ಒಂದು ನಿಲ್ದಾಣ. ಆಷಾಢದ ಮಳೆ. ರಾತ್ರಿಯ ಪ್ಯಾಸೆಂಜರ್ ಬಂದು ನಿಂತಿದೆ. ಮುಂದೆ ಮೂರು ಮೈಲಿಯಲ್ಲಿ ಹೊಳೆಯ ಸೇತುವೆ. ದಾರಿ ನೋಡಿಕೊಂಡು ಬರಬೇಕಾದ ಗಸ್ತಿನವನು ಹೊತ್ತಿಗೆ ಬರಲಿಲ್ಲ. ಅಂಥ ವೇಳೆಯಲ್ಲಿ ಡ್ರೈವರನಿಗೆ ಎಚ್ಚರಿಕೆಯ ಚೀಟಿ ಕೊಟ್ಟು, ನಿಧಾನವಾಗಿ ಹೋಗಲು ಬಿಡಬಹುದೆಂದು ನಿಯಮವಿತ್ತು. ಹಾಗೆಯೇ ಮಾಡಿರೆಂದು ಕಂಟ್ರೋಲಿನವರು ಫೋನಿನಲ್ಲಿ ಹೇಳಿದರು. ಇವರಿಗೆ ಮನಸ್ಸು ಒಪ್ಪಲಿಲ್ಲ. ಹೊಳೆಯ ಮೊರೆತ ನಿಲ್ದಾಣಕ್ಕೇ ಕೇಳುತ್ತಿತ್ತು. ಟೋಕನ್ ಕೊಡದೆ ಕೈಯಲ್ಲೇ ಹಿಡಿದು ಕುಳಿತರು. ಡಬ್ಬಿಯಲ್ಲಿ ಒಬ್ಬ ಮುದುಕನನ್ನು ಮಂಚದ ಸಮೇತ ಮಲಗಿಸಿಕೊಂಡು ಪಟ್ಟಣದ ಆಸ್ಪತ್ರೆಗೆ ಒಯ್ಯುತ್ತಿದ್ದರು. ಅವನ ಮಗ ಬಂದು ಕೈಮುಗಿದ, ಕಾಲು ಹಿಡಿದ, ಕೊನೆಗೆ ಬೈದ. ಎರಡು ಗಂಟೆ ನಲವತ್ತು ನಿಮಿಷಗಳ ಮೇಲೆ ಗಸ್ತಿನವನು ಕುಂಟುತ್ತ ಬಂದ. ದಾರಿಯಲ್ಲಿ ಜಾರಿ ಬಿದ್ದಿದ್ದನಂತೆ. ಸೇತುವೆಗೆ ಏನೂ ಆಗಿರಲಿಲ್ಲ. ರೈಲು ಹೋಯಿತು. ಮೇಲಿನವರು ವಿವರಣೆ ಕೇಳಿದರು, ಕೊಟ್ಟರು; ತಪ್ಪಿಲ್ಲವೆಂದು ಕಾಗದ ಬಂದಿತು. ಮುದುಕ ಮಾತ್ರ ಆಸ್ಪತ್ರೆಯಲ್ಲಿ ಎರಡನೆಯ ದಿನ ತೀರಿಕೊಂಡನೆಂದು ಪೋರ್ಟರನಿಂದ ತಿಳಿಯಿತು.

"ಆ ಎರಡೂ ಮುಕ್ಕಾಲು ಗಂಟೆ ಅವನಿಗೆ ಸಿಕ್ಕಿದ್ದರೆ ಬದುಕುತ್ತಿದ್ದನೋ ಏನೋ. ಕಾಗದದಲ್ಲಿ ತಪ್ಪಿಲ್ಲವೆಂದು ಬರೆದವರಿಗೆ ಆ ಮುದುಕನ ವಿಷಯವೇ ಗೊತ್ತಿರಲಿಲ್ಲ. ನಾನು ಬರೆಯಲೂ ಇಲ್ಲ."

ಮಗಳು ಏನು ಹೇಳಬೇಕೆಂದು ತಿಳಿಯದೆ ತಾಯಿಯ ಮುಖ ನೋಡಿದಳು. ತಾಯಿ ಸೆರಗಿನಿಂದ ಮೊಮ್ಮಗನ ಬೆವರು ಒರೆಸುತ್ತ, ಗಂಡನ ಕಡೆ ತಿರುಗದೆಯೇ ಹೇಳಿದರು:

"ಆ ರಾತ್ರಿ ಅವರ ಮನೆಯವರಿಗೆಲ್ಲ ಕಾಫಿ ಮಾಡಿಕೊಟ್ಟವಳು ನಾನು. ಮುದುಕನಿಗೆ ಎರಡು ಗುಟುಕು ಬಿಸಿನೀರು ಕುಡಿಸಿದ್ದೂ ನಾನೇ. ಆ ಮುದುಕ ಏನೆಂದ ಗೊತ್ತೇ? ಮಗನ ಮೇಲೆ ರೇಗಿ, 'ಮಾಸ್ತರರ ಹತ್ತಿರ ಜಗಳವಾಡಬೇಡವೋ, ಡಬ್ಬೀಲಿ ಮಕ್ಕಳಿದಾವೆ' ಎಂದ."

"ಇಷ್ಟು ವರ್ಷ ಇದನ್ನು ನೀನು ಹೇಳಲೇ ಇಲ್ಲವಲ್ಲ!"

"ನೀವು ಕೇಳಿದ್ದರೆ ತಾನೆ? ನಿಮಗೆ ಅದು ತಿಳಿಯದೆಂದೇ ನನಗೆ ತಿಳಿಯದು. ಆ ಮಾತು ಎತ್ತಿದರೆ ನೊಂದುಕೊಳ್ಳುತ್ತೀರೆಂದು ನಾನೂ ಸುಮ್ಮನಿದ್ದೆ."

ಒಂದೇ ಸೂರಿನಡಿ ನಲವತ್ತು ವರ್ಷ ಬಾಳಿದವರ ನಡುವೆಯೂ ಹೀಗೆ ಒಂದು ಮಾತು ದಾರಿಯಲ್ಲೇ ನಿಂತುಬಿಡುತ್ತದೆ. ಮಾಸ್ತರರು ಬಹಳ ಹೊತ್ತು ಏನೂ ಹೇಳಲಿಲ್ಲ. ಏಳುವ ಮುಂಚೆ ಬಾಗಿ, ಭೂಪಟದ ಹೆಂಚನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆ ಮುದುಕನ ಸಾವಿಗೆ ತಾವು ಹೊಣೆಯೇ ಅಲ್ಲವೇ ಎಂಬ ಲೆಕ್ಕ ಅಂದೂ ತೀರಿತೆಂದಲ್ಲ. ಅಂಥ ಲೆಕ್ಕಗಳು ತೀರುವುದಿಲ್ಲ. ಆದರೆ ತಡವಾದ ರೈಲುಗಳಲ್ಲಿ ಎರಡು ಬಗೆಯುಂಟು. ಯಾರಿಗಾಗಿಯೋ ಯೋಚಿಸಿ, ನಿದ್ದೆಗೆಟ್ಟು, ನಿಲ್ಲಿಸಿದ್ದರಿಂದ ತಡವಾದ ರೈಲು ಒಂದು. ಯಾರನ್ನೂ ಯೋಚಿಸದೆ ಹೊತ್ತು ಕಳೆದದ್ದರಿಂದ ತಡವಾದ ರೈಲು ಇನ್ನೊಂದು. ವೇಳಾಪಟ್ಟಿಯ ಪುಸ್ತಕದಲ್ಲಿ ಎರಡಕ್ಕೂ ಒಂದೇ ಅಂಕಣ.

ಹಿಂದಿರುಗುವ ದಾರಿಯಲ್ಲಿ, ಬೆಳಗ್ಗೆ ಕಂಡ ಕಲ್ಲುಗಣಿಯನ್ನು ದಾಟಿದೊಡನೆ, ಮೋಟಾರುಗಳ ಸಾಲು ನಿಂತಿತು. ಮುಂದೆ ಸ್ನೇಕ್ ಕ್ರೀಕ್ ಎಂಬ ಕಾಲುವೆಯ ಮೇಲೆ ಎತ್ತುಸೇತುವೆ. ಅದು ಎರಡಾಗಿ ತೆರೆದು ಆಕಾಶಕ್ಕೆ ಮುಖ ಮಾಡಿತ್ತು. ಕೆಳಗೆ ಎತ್ತರದ ಕಂಬದ ಹಾಯಿದೋಣಿಯೊಂದು ಸಾವಕಾಶವಾಗಿ ಕೊಲ್ಲಿಯಿಂದ ಸಾಗರದ ಕಡೆಗೆ ಹೋಗುತ್ತಿತ್ತು. ಹಿಂದಿನಿಂದ ಯಾರೋ ಅಸಹನೆಯಿಂದ ಹಾರನ್ ಬಾರಿಸಿದರು. ಅಳಿಯ ಕೈಗಡಿಯಾರ ನೋಡಿಕೊಂಡ.

"ತಾತ, ಯಾಕೆ ನಿಲ್ಲಿಸಿದಾರೆ? ಎಷ್ಟು ಹೊತ್ತು?" ಎಂದ ಹುಡುಗ.

ಸೇತುವೆಯ ಮಗ್ಗುಲಲ್ಲಿ, ಕಾವಲಿನ ಗೂಡಿನ ಕಿಟಕಿಯಲ್ಲಿ ಯಾರದೋ ನೆರಳು ಕಾಣಿಸುತ್ತಿತ್ತು. ಮಾಸ್ತರರು ಅದರ ಕಡೆಯೇ ನೋಡುತ್ತ ಮೊಮ್ಮಗನ ತಲೆಯ ಮೇಲೆ ಕೈಯಿಟ್ಟರು.

"ದೋಣಿ ದಾಟಲಿ ಮಗು. ಬಿಡಬೇಕಾದಾಗ ಅವನು ಬಿಡುತ್ತಾನೆ."